ಆಪರೇಷನ್ ಆದ ಮೇಲೆ ಮಗು ಎಲ್ಲಿದೆ?



ಈ ಪುಟದಲ್ಲಿ ಸಾಮಾನ್ಯವಾಗಿ ನೆರವು ಕೋರಿದ ಕುಟುಂಬಗಳ ವಿವರ, ಆಸ್ಪತ್ರೆ ಕೊಟ್ಟ ಅಂದಾಜು ಖರ್ಚು, ನಾವು ಮಂಜೂರು ಮಾಡಿದ ಮೊತ್ತ ಇಷ್ಟು ಇರುತ್ತದೆ. ಈ ಸಲ ಸಂಪಾದಕರು ನನಗೆ ಹೆಚ್ಚಿನ ಜಾಗ ಕೊಟ್ಟಿದ್ದಾರೆ. ವೈದ್ಯಕೀಯ ನೆರವು ಉಪಸಮಿತಿಯ ಮುಂದೆ ಒಂದು ಹೊಸ ಪ್ರಸ್ತಾಪವಿದೆ. ಅದು ಮಹಾಸಭೆಗೆ ಬರುವ ಮೊದಲು ಅದರ ಹಿನ್ನೆಲೆ ನಿಮಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹಿನ್ನೆಲೆ ಮಾತ್ರ ಬಹಳ ದೂರದ್ದು, ಪೂರ್ವ ಆಫ್ರಿಕದ ಉಗಾಂಡಾ ದೇಶದ್ದು. ಅಲ್ಲಿಗೆ ನಾನು ಹೋದವನಲ್ಲ. ಒಂದು ಕೊಟೇಶನ್ ಹಿಡಿದುಕೊಂಡು ಹೋಗಿ ಅಲ್ಲಿಗೆ ತಲುಪಿದೆ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಎರಡು ತಿಂಗಳ ಹೆಣ್ಣು ಮಗುವಿಗಾಗಿ ಒಂದು ಅರ್ಜಿ ಬಂದಿತ್ತು. ತಂದೆ ಕುಂದಾಪುರದ ಕಡೆಯವರು, ಇಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸ. ಮಗುವಿನ ತಲೆಯಲ್ಲಿ ನೀರು ತುಂಬಿ ತಲೆ ದೊಡ್ಡದಾಗುತ್ತಿದೆ, 'ಶಂಟ್' ಹಾಕಬೇಕು ಎಂದು ಆಸ್ಪತ್ರೆಯ ಪತ್ರ. ಅಂದಾಜು ಪಟ್ಟಿಯಲ್ಲಿ ಶಂಟ್‌ಗೆ ಎರಡು ದರ ಬರೆದಿದ್ದರು, ಒಂದು ಆಮದಿನದು, ಇನ್ನೊಂದು ದೇಶೀಯ. ನಡುವಿನ ಅಂತರ ಭಾರೀ ಇತ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಒಂದೇ ಕಾಗದದ ಮೇಲೆ ಎರಡು ದರ ಕಂಡರೆ ಸುಮ್ಮನಿರಲು ಆಗುವುದಿಲ್ಲ. ವೈದ್ಯರನ್ನು ಭೇಟಿಯಾಗಿ ಕೇಳಿದೆ: "ಡಾಕ್ಟರೇ, ಅಗ್ಗದ್ದು ಅಂದರೆ ಗುಣವೂ ಕಮ್ಮಿಯೇ?" ಅವರು ನಕ್ಕರು. ಈ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು ಉಗಾಂಡಾದಲ್ಲಿ ಎಂದರು.

ಮೊದಲು ಕಾಯಿಲೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಮಿದುಳಿನ ಒಳಗೆ ನಾಲ್ಕು ಸಣ್ಣ ಕೋಣೆಗಳಿವೆ. ಅವುಗಳಲ್ಲಿ ನೀರಿನಂಥ ಒಂದು ದ್ರವ ದಿನವೂ ಉತ್ಪತ್ತಿಯಾಗುತ್ತಲೇ ಇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಕೋಣೆಯಿಂದ ಕೋಣೆಗೆ ಹರಿದು, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಸುತ್ತಿ, ಕೊನೆಗೆ ರಕ್ತಕ್ಕೆ ಸೇರಿಹೋಗುತ್ತದೆ. ದಾರಿಯಲ್ಲಿ ಎಲ್ಲಾದರೂ ಅಡಚಣೆಯಾದರೆ ಒಳಹರಿವು ಇದೆ, ಹೊರಹರಿವು ಇಲ್ಲ ಎಂಬ ಸ್ಥಿತಿ. ಕೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಕೂಡಿಕೊಂಡಿರುವುದಿಲ್ಲವಾದ್ದರಿಂದ ತಲೆ ಉಬ್ಬುತ್ತ ಹೋಗುತ್ತದೆ. ನೆತ್ತಿ ಬಿಗಿಯಾಗಿ ಎದ್ದು ಕಾಣುತ್ತದೆ. ಕಣ್ಣುಗುಡ್ಡೆಗಳು ಮುಳುಗುವ ಸೂರ್ಯನಂತೆ ಕೆಳಕ್ಕೆ ಇಳಿದಿರುತ್ತವೆ. ವೈದ್ಯರು ಇದನ್ನು ಹೈಡ್ರೋಸೆಫಾಲಸ್ ಎನ್ನುತ್ತಾರೆ.

ಹುಟ್ಟಿದ ಮೊದಲ ಒಂದು ವರ್ಷದಲ್ಲೇ ಮಗುವಿನ ಮಿದುಳು ಹೆಚ್ಚುಕಡಿಮೆ ಎರಡರಷ್ಟು ಆಗುತ್ತದೆ. ಬೆಳೆಯಬೇಕಾದ ಆ ಹೊತ್ತಿನಲ್ಲೇ ನೀರಿನ ಒತ್ತಡ ಅದನ್ನು ಒಳಗಿನಿಂದ ಅದುಮುತ್ತಿರುತ್ತದೆ. ಹಾಗಾಗಿ ಇಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ. ಮೂರನೆಯ ತಿಂಗಳಲ್ಲಿ ಚಿಕಿತ್ಸೆ ಸಿಕ್ಕ ಮಗುವಿಗೂ ಹತ್ತನೆಯ ತಿಂಗಳಲ್ಲಿ ಸಿಕ್ಕ ಮಗುವಿಗೂ ನಡೆಯುವುದು, ಮಾತಾಡುವುದು, ಕಣ್ಣು ಕಾಣುವುದು ಎಲ್ಲದರಲ್ಲೂ ವ್ಯತ್ಯಾಸವಾಗಬಹುದು. ಇಷ್ಟು ದೊಡ್ಡ ಅಪಾಯವನ್ನು ಮೊದಲು ತೋರಿಸಿಕೊಡುವ ಸಾಧನ ದರ್ಜಿಯ ಅಳತೆ ಟೇಪು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34-35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್‌ನಂತೆ ಬೆಳೆದು, ವರ್ಷ ತುಂಬುವಾಗ 46ರ ಆಸುಪಾಸಿಗೆ ಬರುತ್ತದೆ. ಇದನ್ನು ಮೀರಿ ಓಡುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. ಮನೆಯಲ್ಲಿ ಮೊಮ್ಮಕ್ಕಳಿರುವ ಸದಸ್ಯರು ದಯವಿಟ್ಟು ಇದನ್ನು ಗಮನಿಸಿ.

ಎಂಬಾಲೆಯ ಆಸ್ಪತ್ರೆ

ಉಗಾಂಡಾ ಎಂದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಇದಿ ಅಮೀನ್, 1972ರಲ್ಲಿ ಆತ ಏಷ್ಯಾ ಮೂಲದವರನ್ನು ದೇಶದಿಂದ ಹೊರಗಟ್ಟಿದ್ದು. ಆ ದೇಶದ ಪೂರ್ವ ಭಾಗದಲ್ಲಿ, ಎಲ್ಗಾನ್ ಪರ್ವತದ ಬುಡದಲ್ಲಿ ಎಂಬಾಲೆ ಎಂಬ ಊರಿದೆ. ಸುತ್ತ ಕಾಫಿ ಬೆಳೆಯುತ್ತಾರೆ. ನಮ್ಮ ಚಿಕ್ಕಮಗಳೂರಿನವರಿಗೆ ಪರಿಚಿತ ಎನಿಸುವ ಗುಡ್ಡಗಾಡು. ರಾಜಧಾನಿ ಕಂಪಾಲಾದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. 2000ನೇ ಇಸವಿಯಲ್ಲಿ ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ನರಶಸ್ತ್ರಚಿಕಿತ್ಸಕರು ಹೆಂಡತಿ ಮತ್ತು ಆರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದರು. 'ಕ್ಯೂರ್' ಎಂಬ ಸಂಸ್ಥೆ ಅಲ್ಲಿ ಮಕ್ಕಳ ಆಸ್ಪತ್ರೆ ಕಟ್ಟಿತ್ತು. ನರರೋಗ ತಜ್ಞರು ಬೆರಳೆಣಿಕೆಯಷ್ಟು ಇದ್ದ ದೇಶ ಅದು. ಬಾಗಿಲು ತೆರೆದದ್ದೇ ತಡ, ತಲೆ ಉಬ್ಬಿದ ಕೂಸುಗಳನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ತಾಯಂದಿರು ಬರತೊಡಗಿದರು. ಇಷ್ಟೊಂದು ಮಕ್ಕಳು ಬಂದಾರು ಎಂದು ಅಲ್ಲಿ ಯಾರೂ ಎಣಿಸಿರಲಿಲ್ಲ.

ಬರುವವರು ಬರುವ ಹೊತ್ತಿಗೆ ಅನೇಕ ಸಲ ತಡವಾಗಿರುತ್ತಿತ್ತು. ಹಳ್ಳಿಯಲ್ಲಿ ಮೊದಲು ಮಾಟ ಎನ್ನುತ್ತಾರೆ, ಶಾಪ ಎನ್ನುತ್ತಾರೆ, ನಾಟಿ ವೈದ್ಯರ ಬಳಿ ತಿಂಗಳು ಕಳೆಯುತ್ತದೆ. ಇಂಥ ಮಗುವನ್ನು ಹೆತ್ತಳು ಎಂದು ಗಂಡ ಬಿಟ್ಟುಹೋದ ಹೆಂಗಸರೂ ಅಲ್ಲಿ ಬಹಳ. ಓದುವಾಗ ಅಯ್ಯೋ ಆಫ್ರಿಕ ಎನಿಸಬಹುದು. ಆದರೆ ಮಗುವಿನ ತುಟಿ ಸೀಳಿದ್ದರೆ ಗ್ರಹಣದ ಹೊತ್ತು ಹೊರಗೆ ಬಂದಳು ಎಂದು ಬಸುರಿಯನ್ನೇ ದೂರುವವರು ನಮ್ಮ ಮನೆಗಳಲ್ಲೂ ಇದ್ದಾರೆ. ದೂರು ಯಾವ ದೇಶದಲ್ಲೂ ಸಾಮಾನ್ಯವಾಗಿ ತಾಯಿಯ ತಲೆಗೇ ಬರುತ್ತದೆ.

ಈಗ ನನ್ನ ಕೊಟೇಶನ್ನಿಗೆ ಬರುತ್ತೇನೆ. ಶಂಟ್ ಎಂದರೆ ಸಿಲಿಕಾನ್‌ನ ಒಂದು ತೆಳು ನಳಿಗೆ, ಮಧ್ಯೆ ಒಂದು ವಾಲ್ವ್. ಒಂದು ತುದಿ ಮಿದುಳಿನ ಕೋಣೆಯಲ್ಲಿ, ಚರ್ಮದ ಅಡಿಯಲ್ಲೇ ಕುತ್ತಿಗೆ ಎದೆ ದಾಟಿ ಇನ್ನೊಂದು ತುದಿ ಹೊಟ್ಟೆಯೊಳಗೆ. ಹೆಚ್ಚಿನ ನೀರು ಅದರ ಮೂಲಕ ಇಳಿದು ಹೊಟ್ಟೆಯಲ್ಲಿ ಹೀರಿಹೋಗುತ್ತದೆ. ನಮ್ಮ ದೇಶದ ನರಶಸ್ತ್ರಚಿಕಿತ್ಸಕ ಡಾ. ಛಾಬ್ರಾ ಅವರ ಹೆಸರಿನ ಶಂಟ್ ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುತ್ತದೆ. ವಾರ್ಫ್ ಅವರು ಈ ಛಾಬ್ರಾ ಶಂಟನ್ನೂ ಅಮೆರಿಕದಲ್ಲಿ ಬಳಕೆಯಲ್ಲಿದ್ದ ಇನ್ನೊಂದನ್ನೂ 195 ಮಕ್ಕಳಲ್ಲಿ ಹೋಲಿಸಿ ನೋಡಿದರು. ಭಾರತದ್ದರ ಬೆಲೆ ಆಗ ಸುಮಾರು 35 ಡಾಲರ್, ಇನ್ನೊಂದರದು 650. ಒಂದು ವರ್ಷದ ಬಳಿಕ ಸೋಂಕು, ಕೆಟ್ಟುಹೋಗುವುದು, ಸಾವು ಯಾವುದರಲ್ಲೂ ಎರಡರ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಇದು ಪ್ರಕಟವಾಯಿತು. ಅಂದರೆ 650 ಡಾಲರಿನಲ್ಲಿ ಒಂದು ಮಗುವಿಗೆ ಬದಲಾಗಿ ಹದಿನೆಂಟು ಮಕ್ಕಳಿಗೆ ಶಂಟ್ ಕೊಳ್ಳಬಹುದು. ಶಾಹಜಹಾನ್‌ಪುರದ ಮಾಲು ಎಂಬಾಲೆಯಲ್ಲಿ ಪಾಸಾಗಿ, ಅದರ ಆಧಾರದಲ್ಲಿ ಮುಂಬಯಿಯ ಒಂದು ಸಂಘ ದೇಶೀಯ ದರ ಒಪ್ಪಿಕೊಂಡಿತು. ಉಳಿದ ಹಣದಲ್ಲಿ ಅದೇ ತಿಂಗಳು ಇನ್ನೊಂದು ಅರ್ಜಿಯನ್ನೂ ಮಂಜೂರು ಮಾಡಿದೆವು. ನನಗೆ ಬಹಳ ತೃಪ್ತಿಯಾಗಿತ್ತು. ಉಗಾಂಡಾದ ವಿಷಯವನ್ನು ನಾನು ಅಷ್ಟಕ್ಕೇ ಓದಿ ನಿಲ್ಲಿಸಿದ್ದೆ, ತಪ್ಪು ಅಲ್ಲಿಯೇ ಆಯಿತು.

ಏಕೆಂದರೆ ಶಂಟ್ ಒಂದು ಸಲ ಹಾಕಿ ಮರೆಯುವ ವಸ್ತುವಲ್ಲ. ಕಟ್ಟಿಕೊಳ್ಳುತ್ತದೆ, ಸೋಂಕಾಗುತ್ತದೆ, ಮಗು ಬೆಳೆದಂತೆ ನಳಿಗೆ ಗಿಡ್ಡವಾಗುತ್ತದೆ. ಶ್ರೀಮಂತ ದೇಶಗಳಲ್ಲೂ ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಎರಡು ವರ್ಷದೊಳಗೆ ಕೈಕೊಡುತ್ತವೆ. ಕಟ್ಟಿಕೊಂಡಾಗ ಮಗು ವಾಂತಿ ಮಾಡುತ್ತದೆ, ಮಂಕಾಗುತ್ತದೆ, ನಿದ್ದೆಯಲ್ಲೇ ಇರುತ್ತದೆ. ಬೇಗ ಸರಿಪಡಿಸದಿದ್ದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಬಾಸ್ಟನ್ನಿನಲ್ಲಿರುವ ಮಗುವಿಗೆ ಆಂಬುಲೆನ್ಸ್ ಬರುತ್ತದೆ. ಉಗಾಂಡಾದ ಉತ್ತರದ ಹಳ್ಳಿಯ ಮಗುವಿಗೆ ಬೋಡಾ-ಬೋಡಾ ಸಿಗಬೇಕು, ಎಂದರೆ ಬಾಡಿಗೆಗೆ ಓಡುವ ಮೋಟಾರ್ ಸೈಕಲ್ಲು. ಅದರಲ್ಲಿ ಮುಖ್ಯ ರಸ್ತೆಗೆ ಬಂದು, ಅಲ್ಲಿಂದ ವ್ಯಾನು ಹತ್ತಿ, ಇನ್ನೊಂದು ಬಸ್ಸು ಹಿಡಿದು ಎಂಬಾಲೆಗೆ ಬರಬೇಕು. ಅಷ್ಟು ದುಡ್ಡು ಕೈಯಲ್ಲಿ ಇರಬೇಕು. ಅದಕ್ಕೂ ಮೊದಲು, ಈ ವಾಂತಿ ಬರೀ ಹೊಟ್ಟೆಯದಲ್ಲ ಎಂದು ತಾಯಿಗೆ ಗೊತ್ತಿರಬೇಕು.

ಈ ಚಿಂತೆಯಿಂದಲೇ ವಾರ್ಫ್ ಶಂಟ್ ಇಲ್ಲದೆ ನಡೆಯುವ ದಾರಿ ಹುಡುಕಿದರು. ತೆಳುವಾದ ದುರ್ಬೀನನ್ನು ಮಿದುಳಿನ ಕೋಣೆಗೆ ಇಳಿಸಿ, ಮೂರನೆಯ ಕೋಣೆಯ ತಳದಲ್ಲಿ ಒಂದು ಕಿಂಡಿ ಮಾಡಿ ನೀರಿಗೆ ಹೊಸ ದಾರಿ ಬಿಡುವ ಶಸ್ತ್ರಚಿಕಿತ್ಸೆ ಮೊದಲೇ ಇತ್ತು. ಆದರೆ ಒಂದು ವರ್ಷದೊಳಗಿನ ಕೂಸುಗಳಲ್ಲಿ ಅದು ಅರ್ಧದಷ್ಟೂ ಸಫಲವಾಗುತ್ತಿರಲಿಲ್ಲ. ವಾರ್ಫ್ ಅದರ ಜೊತೆಗೆ, ದ್ರವವನ್ನು ಉತ್ಪತ್ತಿ ಮಾಡುವ ಅಂಗಾಂಶವನ್ನು ಸ್ವಲ್ಪ ಸುಟ್ಟು ಉತ್ಪತ್ತಿಯನ್ನೇ ಕಡಿಮೆ ಮಾಡುವ ಹಳೆಯ ವಿಧಾನವನ್ನು ಕೂಡಿಸಿದರು. ಒಂದು ವರ್ಷದೊಳಗಿನ ಮಕ್ಕಳಲ್ಲಿ ಯಶಸ್ಸು ನೂರಕ್ಕೆ 47ರಿಂದ 66ಕ್ಕೆ ಏರಿತು. ಅಂಥ ಮಗುವಿನ ತಲೆಯಲ್ಲಿ ಕಟ್ಟಿಕೊಳ್ಳುವ ನಳಿಗೆಯೇ ಇಲ್ಲ. ಬಡ ದೇಶದಲ್ಲಿ ಹುಟ್ಟಿದ ಈ ವಿಧಾನ ಆಮೇಲೆ ಅಮೆರಿಕದ ಆಸ್ಪತ್ರೆಗಳಿಗೂ ಹೋಯಿತು. ವಾರ್ಫ್ ಹಿಂತಿರುಗಿದ ಮೇಲೆ ಉಗಾಂಡಾದವರೇ ಆದ ಡಾ. ಜಾನ್ ಮುಗಾಂಬ ಅವರು ಅಲ್ಲಿ ಚಾಕು ಹಿಡಿದರು. ವಾರ್ಫ್ ಅವರಿಗೆ 2012ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

ಒಂದು ಒಳ್ಳೆಯ ಕೆಲಸದ ಸುದ್ದಿ ಪತ್ರಿಕೆಯಲ್ಲಿ ಬರುವುದು ಇಲ್ಲಿಗೆ ಮುಗಿಯುತ್ತದೆ. ಆದರೆ ಎಂಬಾಲೆಯವರನ್ನು ನಾನು ಮೆಚ್ಚುವುದು ಅವರು ಮುಂದೆ ಪ್ರಕಟಿಸಿದ ಅಂಕಿಗಳಿಗಾಗಿ. ಸೋಂಕಿನಿಂದ ಈ ಕಾಯಿಲೆ ಬಂದು ತಾವು ಶಸ್ತ್ರಚಿಕಿತ್ಸೆ ಮಾಡಿದ ಕೂಸುಗಳನ್ನು ಐದು ವರ್ಷ ಹಿಂಬಾಲಿಸಿ, 2011ರಲ್ಲಿ ಅವರೇ ಬರೆದರು: ಸುಮಾರು ಮೂರನೇ ಒಂದು ಭಾಗದ ಮಕ್ಕಳು ಐದು ವರ್ಷದೊಳಗೆ ತೀರಿಕೊಂಡಿದ್ದಾರೆ. ಉಳಿದವರಲ್ಲೂ ಕನಿಷ್ಠ ಮೂರನೇ ಒಂದು ಭಾಗಕ್ಕೆ ತೀವ್ರ ಅಂಗವೈಕಲ್ಯವಿದೆ. 2017ರಲ್ಲಿ ಮತ್ತೊಂದು ಪರೀಕ್ಷೆಯ ಫಲಿತಾಂಶ ಬಂತು. ಆರು ತಿಂಗಳೊಳಗಿನ 100 ಕೂಸುಗಳಲ್ಲಿ ಕೆಲವರಿಗೆ ಶಂಟ್, ಕೆಲವರಿಗೆ ದುರ್ಬೀನಿನ ವಿಧಾನ, ಚೀಟಿ ಎತ್ತಿದಂತೆ ಹಂಚಿ ಮಾಡಿದ್ದರು. ಒಂದು ವರ್ಷದ ನಂತರ ಬುದ್ಧಿ ಬೆಳವಣಿಗೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ತಮ್ಮದೇ ಹೆಸರಾಂತ ವಿಧಾನ ಗೆಲ್ಲಲಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಬ್ಯಾಂಕಿನವನಿಗೆ ಇದರ ಬೆಲೆ ಗೊತ್ತು. ವಸೂಲಾಗದ ಸಾಲವನ್ನು ವಸೂಲಾಗದ ಸಾಲ ಎಂದೇ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವ ಶಾಖೆಗಳು ಎಷ್ಟಿವೆ?

ಕಾಯಿಲೆ ಬರುವುದೇಕೆ ಎಂಬುದನ್ನೂ ಅವರು ಹುಡುಕಿದರು. ಮೊದಲ 300 ಮಕ್ಕಳ ಲೆಕ್ಕ ಹಾಕಿದಾಗ ನೂರಕ್ಕೆ 60 ಮಂದಿಗೆ ಇದು ಹುಟ್ಟಿನಿಂದ ಬಂದದ್ದೇ ಅಲ್ಲ, ಸೋಂಕಿನಿಂದ ಬಂದದ್ದು. ಆ ಸೋಂಕುಗಳಲ್ಲೂ ಮುಕ್ಕಾಲು ಪಾಲು ಹುಟ್ಟಿದ ಮೊದಲ ತಿಂಗಳಲ್ಲೇ ತಗಲಿದವು. ಕೂಸಿಗೆ ಜ್ವರ, ಫಿಟ್ಸು ಬಂದಿತ್ತು, ವಾಸಿಯಾಯಿತು ಎಂದುಕೊಂಡಿದ್ದೆವು, ಆಮೇಲೆ ತಲೆ ಊದತೊಡಗಿತು ಎಂದು ತಾಯಂದಿರು ಹೇಳುತ್ತಿದ್ದರು. ಸ್ಟೀವನ್ ಶಿಫ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಉಪಗ್ರಹದಿಂದ ಸಿಕ್ಕ ಮಳೆಯ ಲೆಕ್ಕವನ್ನು ಆಸ್ಪತ್ರೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದಾಗ, ಮಳೆಯ ಏರಿಳಿತದೊಂದಿಗೆ ಈ ಮಕ್ಕಳ ಸಂಖ್ಯೆಯೂ ಏರಿಳಿಯುವುದು ಕಂಡಿತು. ಮಾಮೂಲಿ ಕಲ್ಚರ್ ಪರೀಕ್ಷೆಯಲ್ಲಿ ಕೈಗೆ ಸಿಗದ 'ಪೇನಿಬ್ಯಾಸಿಲಸ್' ಎಂಬ ಒಂದು ಬ್ಯಾಕ್ಟೀರಿಯಾವನ್ನು ವಂಶವಾಹಿ ಪರೀಕ್ಷೆಯಿಂದ ಪತ್ತೆಹಚ್ಚಿ 2020ರಲ್ಲಿ ಪ್ರಕಟಿಸಿದರು. ಅಂದರೆ ಇಷ್ಟು ಮಕ್ಕಳ ಅಂಗವೈಕಲ್ಯ ವಿಧಿಬರಹವಲ್ಲ, ಮೊದಲ ತಿಂಗಳ ಶುಚಿ ಮತ್ತು ಮೊದಲ ತಿಂಗಳ ಜ್ವರಕ್ಕೆ ಸರಿಯಾದ ಚಿಕಿತ್ಸೆಯ ಪ್ರಶ್ನೆ. ನವಜಾತ ಶಿಶುವಿಗೆ ಜ್ವರ ಬಂದರೆ ಒಂದು ದಿನವೂ ಕಾಯಬಾರದು ಎಂದು ನಮ್ಮ ಅಜ್ಜಿಯಂದಿರಿಗೂ ಹೇಳಬೇಕಾದ ಮಾತು ಇದು.

ಐದು ವರ್ಷದ ಲೆಕ್ಕ

ಈ ಲೇಖನ ಬರೆಯಲು ನಿಜವಾದ ಕಾರಣ ಮುಂದಿನ ಸಂಗತಿ.

ಎಂಬಾಲೆಗೆ ಬರುವ ಇನ್ನೊಂದು ವರ್ಗದ ಮಕ್ಕಳು ಸ್ಪೈನಾ ಬೈಫಿಡಾದವರು. ಬಸುರಿನ ಮೊದಲ ನಾಲ್ಕು ವಾರಗಳಲ್ಲೇ ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚಿಕೊಳ್ಳದೆ, ಬೆನ್ನಿನ ಮೇಲೆ ಗಂಟಿನೊಂದಿಗೆ ಮಗು ಹುಟ್ಟುತ್ತದೆ. ಕಾಲುಗಳಲ್ಲಿ ಶಕ್ತಿ ಇರುವುದಿಲ್ಲ, ಮೂತ್ರ ತಾನಾಗಿ ಖಾಲಿಯಾಗುವುದಿಲ್ಲ, ಅನೇಕರಿಗೆ ತಲೆಯಲ್ಲೂ ನೀರು ತುಂಬುತ್ತದೆ. ಬಸುರಾಗುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಬಹುಪಾಲು ತಪ್ಪಿಸಬಹುದು. ದಕ್ಷಿಣ ಆಫ್ರಿಕ 2003ರಲ್ಲಿ ಗೋಧಿ ಮತ್ತು ಮೆಕ್ಕೆಜೋಳದ ಹಿಟ್ಟಿಗೆ ಅದನ್ನು ಬೆರೆಸುವುದನ್ನು ಕಡ್ಡಾಯ ಮಾಡಿದ ಮೇಲೆ ಇಂಥ ಜನನಗಳು ಸುಮಾರು 30 ಶೇಕಡಾ ಇಳಿದವು. ಮದುವೆಯಾದ ಹೆಣ್ಣುಮಕ್ಕಳಿರುವ ಮನೆಯವರು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ದಿನಕ್ಕೆ 400 ಮೈಕ್ರೋಗ್ರಾಂನ ಮಾತ್ರೆ, ಬೆಲೆ ಏನೂ ಅಲ್ಲ.

ಎಂಬಾಲೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಈ ಮಕ್ಕಳಲ್ಲಿ ಆಪರೇಷನ್ನಿನಿಂದಲೇ ಸತ್ತವರು ಯಾರೂ ಇರಲಿಲ್ಲ. ಆದರೂ ಐದು ವರ್ಷದ ನಂತರ ನೋಡಿದರೆ ಬದುಕಿದ್ದವರು ನೂರಕ್ಕೆ 63. ಉಳಿದವರು ಸತ್ತದ್ದು ಮನೆಯಲ್ಲಿ, ಹೆಚ್ಚಿನವರು ಈ ಕಾಯಿಲೆಯಿಂದ ನೇರವಾಗಿಯೂ ಅಲ್ಲ. ಕೆಲವು ಜಿಲ್ಲೆಗಳಲ್ಲಿ ಮಾತ್ರ ಚಿತ್ರ ಬೇರೆ ಇತ್ತು. ಆ ಜಿಲ್ಲೆಗಳಲ್ಲಿ ಸಮುದಾಯ ಆಧಾರಿತ ಪುನಶ್ಚೇತನ ಕಾರ್ಯಕ್ರಮ ನಡೆಯುತ್ತಿತ್ತು. ಅಲ್ಲಿಂದ ಬಂದ ಮಕ್ಕಳು ಬದುಕಿ ಉಳಿದದ್ದು ಬಹಳ ಹೆಚ್ಚು. ಎಷ್ಟೆಂದರೆ, ಅವರ ಸಾವಿನ ಪ್ರಮಾಣ ಅದೇ ಊರುಗಳ ಆರೋಗ್ಯವಂತ ಮಕ್ಕಳ ಸಾವಿನ ಪ್ರಮಾಣಕ್ಕಿಂತ ಬೇರೆ ಇರಲಿಲ್ಲ. ಆಸ್ಪತ್ರೆ ಒಂದೇ, ಶಸ್ತ್ರಚಿಕಿತ್ಸಕರು ಅವರೇ, ಹೊಲಿಗೆಯೂ ಅದೇ. ಡಿಸ್ಚಾರ್ಜ್ ಆದ ಮೇಲೆ ಮನೆ ಬಾಗಿಲಿಗೆ ಯಾರಾದರೂ ಬಂದರೇ ಇಲ್ಲವೇ ಎಂಬುದು ಮಾತ್ರ ಬೇರೆ.

ಆ ಕಾರ್ಯಕ್ರಮ ಎಂದರೆ ದೊಡ್ಡ ಕಟ್ಟಡ, ಯಂತ್ರ ಏನೂ ಅಲ್ಲ. ಊರಿನದೇ ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ ಅಥವಾ ಕಾರ್ಯಕರ್ತ ಮನೆಗೆ ಬರುತ್ತಾರೆ. ತಲೆಯ ಅಳತೆ ತೆಗೆಯುತ್ತಾರೆ. ಸ್ಪರ್ಶಜ್ಞಾನ ಇಲ್ಲದ ಕಾಲಲ್ಲಿ ಹುಣ್ಣಾಗಿದೆಯೇ ನೋಡುತ್ತಾರೆ. ದಿನಕ್ಕೆ ಹಲವು ಸಲ ಶುದ್ಧವಾದ ನಳಿಗೆಯಿಂದ ಮಗುವಿನ ಮೂತ್ರ ತೆಗೆಯುವುದನ್ನು ತಾಯಿಗೆ ಕಲಿಸುತ್ತಾರೆ. ಇದನ್ನು ಕಲಿಯದಿದ್ದರೆ ಮೂತ್ರಪಿಂಡ ಹಾಳಾಗುತ್ತದೆ. ಮಲೇರಿಯಾ ಜ್ವರ ಬಂದರೆ ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. ಇದೇ ಕಷ್ಟದಲ್ಲಿರುವ ಇನ್ನೊಬ್ಬ ತಾಯಿಯ ಪರಿಚಯ ಮಾಡಿಸುತ್ತಾರೆ. ಅಕ್ಕಪಕ್ಕದವರು ಮಾಟ ಎಂದಾಗ ಅಲ್ಲ ಎನ್ನಲು ಊರಿನದೇ ಒಂದು ದನಿ ಇರುತ್ತದೆ. ಉಗಾಂಡಾದಲ್ಲಿ ಇದಕ್ಕೆ ಸ್ವಲ್ಪ ನೆಲ ಹದವಾಗಿತ್ತು ಎನ್ನಬೇಕು. ಅಲ್ಲಿ ಪಾರ್ಲಿಮೆಂಟಿನಲ್ಲಿ ವಿಕಲಚೇತನರಿಗೆ 5 ಸ್ಥಾನ ಮೀಸಲು, ಸ್ಥಳೀಯ ಆಡಳಿತದಲ್ಲೂ ಅವರ ಪ್ರತಿನಿಧಿಗಳಿಗೆ ಜಾಗವಿದೆ. ಈ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ.

ನಾನು ಪ್ರೊಬೇಷನರಿ ಆಫೀಸರ್ ಆಗಿ ಹಳ್ಳಿಯ ಶಾಖೆಯಲ್ಲಿದ್ದಾಗ ಎಮ್ಮೆ ಸಾಲ ಕೊಡುತ್ತಿದ್ದೆವು. ಸಾಲ ಬಟವಾಡೆಯಾದ ಮೇಲೆ ಎಮ್ಮೆ ಕೊಟ್ಟಿಗೆಯಲ್ಲಿ ಇದೆಯೇ, ಹಾಲು ಕೊಡುತ್ತಿದೆಯೇ ಎಂದು ಹೋಗಿ ನೋಡುವುದು ನನ್ನ ಕೆಲಸ. ನೋಡದ ಸಾಲಗಳೇ ಹೆಚ್ಚು ಮುಳುಗಿದವು. ಎಮ್ಮೆಗೆ ಇದ್ದ ಇನ್‌ಸ್ಪೆಕ್ಷನ್ ನಮ್ಮ ಸಂಘದ ರಿಜಿಸ್ಟರಿನಲ್ಲಿ ಮಗುವಿಗೆ ಇರಲಿಲ್ಲ. ನಮ್ಮ ರಿಜಿಸ್ಟರಿನ ಕೊನೆಯ ಕಾಲಂ 'ಚೆಕ್ ಸಂಖ್ಯೆ ಮತ್ತು ದಿನಾಂಕ'.

ಆ ಕುಂದಾಪುರದ ಮಗುವಿನ ಕಥೆ ಹೇಳಲೇಬೇಕು. ತಂದೆತಾಯಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ಬರೆಯುತ್ತಿದ್ದೇನೆ. ಶಂಟ್ ಹಾಕಿದರು, ಚೆನ್ನಾಗಿ ಆಯಿತು. ನಾವು ಚೆಕ್ಕಿನ ಫೋಟೋ ಸಹಿತ ಈ ಪುಟದಲ್ಲೇ ಪ್ರಕಟಿಸಿದೆವು. ಇಲ್ಲಿ ಕೋಣೆ ಬಾಡಿಗೆ ಕಷ್ಟವಾಗಿ ತಾಯಿ ಮಗುವನ್ನು ಕರೆದುಕೊಂಡು ಊರಿಗೆ ಹೋದರು. ಎಂಟು ತಿಂಗಳ ಮೇಲೆ ಮಗುವಿಗೆ ವಾಂತಿ ಶುರುವಾಯಿತು. ಊರಿನಲ್ಲಿ ಔಷಧಿ ಕೊಡಿಸಿದರು, ನಿಂತ ಹಾಗಾಯಿತು, ಮತ್ತೆ ಬಂತು. ಹತ್ತು ಹನ್ನೆರಡು ದಿನ ಹೀಗೆ ಹೋಯಿತು. ಮಗು ಎಚ್ಚರ ತಪ್ಪಿದಾಗ ದೊಡ್ಡ ಆಸ್ಪತ್ರೆಗೆ ಒಯ್ದರು. ಶಂಟ್ ಕಟ್ಟಿಕೊಂಡಿತ್ತು. ಬೇರೆ ಹಾಕಿ ಜೀವ ಉಳಿಸಿದರು, ಕಣ್ಣು ಉಳಿಯಲಿಲ್ಲ. ಬೆಳಕು ಕತ್ತಲೆ ಅಷ್ಟೇ ಈಗ ತಿಳಿಯುತ್ತದೆ.

ಇದು ನಮಗೆ ಗೊತ್ತಾದದ್ದು ಒಂದು ವರ್ಷ ಕಳೆದು, ತಂದೆ ಬೇರೆ ಯಾವುದೋ ಸರ್ಟಿಫಿಕೇಟಿಗಾಗಿ ಕಚೇರಿಗೆ ಬಂದಾಗ. ಆಮೇಲೆ ತಾಯಿಯೊಂದಿಗೆ ಫೋನಿನಲ್ಲಿ ಮಾತಾಡಿದೆ. "ಹಾಲು ಅರಗ್ಲಿಲ್ಲ ಅಂದ್ಕಂಡೆ ಅಣ್ಣಾ. ವಾಂತಿ ಆದ್ರೆ ತಲೆದ್ದು ಅಂತ ನಂಗೆ ಯಾರೂ ಹೇಳ್ಲಿಲ್ಲ" ಎಂದರು. ಡಿಸ್ಚಾರ್ಜ್ ಕಾಗದದಲ್ಲಿ ಬರೆದಿತ್ತು. ಅದು ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಓದಬಲ್ಲ ನಾವು ಏಳು ಮಂದಿ ಸಮಿತಿಯಲ್ಲಿದ್ದೆವು, ಆ ಕಾಗದದ ನಕಲು ನಮ್ಮ ಫೈಲಿನಲ್ಲೇ ಇತ್ತು. ಒಂದು ಫೋನು ಮಾಡಿದವರು ಯಾರೂ ಇಲ್ಲ. ಎಂಬಾಲೆಯ ಬೆಲೆ ಹೋಲಿಕೆಯನ್ನು ಓದಿದ ನಾನು ಐದು ವರ್ಷದ ಲೆಕ್ಕವನ್ನು ಓದಿದ್ದು ಆ ಫೋನಿನ ನಂತರ.

ಪ್ರಸ್ತಾಪ

ಉಪಸಮಿತಿಯ ಪ್ರಸ್ತಾಪ ಹೀಗಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಮಂಜೂರಾಗುವ ಪ್ರತಿ ನೆರವಿನ ಜೊತೆಗೆ, ಆ ಮೊತ್ತದ 15 ಶೇಕಡಾವನ್ನು 'ಅನುಸರಣೆ ನಿಧಿ' ಎಂದು ಬೇರೆ ಖಾತೆಯಲ್ಲಿ ಎರಡು ವರ್ಷ ಇಡುವುದು. ಅದರಿಂದ ಮರುತಪಾಸಣೆಗೆ ಬರುವ ರೈಲು ಬಸ್ಸಿನ ಖರ್ಚು, ತುರ್ತಾಗಿ ಬೇಕಾದರೆ ಟ್ಯಾಕ್ಸಿ, ವ್ಯಾಯಾಮ ಚಿಕಿತ್ಸೆ, ತಾಯಿ ಕೂಲಿ ಬಿಟ್ಟು ಬಂದ ದಿನದ ಊಟ ಇವುಗಳನ್ನು ಕೊಡುವುದು. ಪ್ರತಿ ಮಗುವಿಗೆ ಒಬ್ಬ ಸದಸ್ಯರನ್ನು ಗೊತ್ತುಪಡಿಸುವುದು. ಅವರು ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಫೋನು ಮಾಡಬೇಕು, ಮಗು ಇದೇ ನಗರದಲ್ಲಿದ್ದರೆ ಮನೆಗೆ ಹೋಗಬೇಕು. ಕುಟುಂಬ ಊರಿಗೆ ಹೋದರೆ, ಅಲ್ಲಿನ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯವರ ಫೋನ್ ನಂಬರ್ ಪಡೆದು ಅವರಿಗೂ ವಿಷಯ ತಿಳಿಸಬೇಕು. ಕಾಯಿಲೆಗೆ ಸಂಬಂಧಿಸಿದ ಅಪಾಯದ ಚಿಹ್ನೆಗಳನ್ನು ವೈದ್ಯರಿಂದ ಬರೆಸಿ ಕನ್ನಡದಲ್ಲಿ ದೊಡ್ಡ ಅಕ್ಷರದ ಕಾರ್ಡು ಮಾಡಿ ಕೊಡಬೇಕು. ಶಂಟ್ ಇರುವ ಮಕ್ಕಳ ಕಾರ್ಡು ಈಗಾಗಲೇ ಸಿದ್ಧವಾಗಿದೆ: ಪದೇ ಪದೇ ವಾಂತಿ, ನೆತ್ತಿ ಬಿಗಿಯುವುದು, ಕಾರಣವಿಲ್ಲದೆ ಮಂಕು ಅಥವಾ ಒಂದೇ ಸಮನೆ ಅಳು, ಕಣ್ಣು ಕೆಳಗಿಳಿಯುವುದು, ಫಿಟ್ಸು, ನಳಿಗೆಯ ದಾರಿಯಲ್ಲಿ ಕೆಂಪು ಅಥವಾ ಊತ, ಜ್ವರ. ಇವುಗಳಲ್ಲಿ ಯಾವುದು ಕಂಡರೂ ಅಂದೇ ನರರೋಗ ವಿಭಾಗವಿರುವ ಆಸ್ಪತ್ರೆಗೆ ಹೋಗಬೇಕು, ಕಾರ್ಡನ್ನು ಅಲ್ಲಿನ ವೈದ್ಯರಿಗೆ ತೋರಿಸಬೇಕು.

ಇದಕ್ಕೆ ಸಮಿತಿಯಲ್ಲಿ ಆಕ್ಷೇಪಣೆಯೂ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಖಜಾಂಚಿಯವರು ಹೇಳುವುದು: ದಾನಿಗಳಿಗೆ ಆಸ್ಪತ್ರೆಯ ಬಿಲ್ಲು ಬೇಕು, ಆಡಿಟರಿಗೆ ವೋಚರು ಬೇಕು. ರಿಕ್ಷಾದವನು ರಸೀದಿ ಕೊಡುವುದಿಲ್ಲ. 15 ಶೇಕಡಾ ಹಿಡಿದಿಟ್ಟರೆ ಆರು ಮಕ್ಕಳಿಗೆ ನೆರವು ಕೊಡುವಲ್ಲಿ ಐವರಿಗೆ ಕೊಡಬೇಕಾದೀತು, ಆ ಆರನೆಯವರಿಗೆ ಏನು ಉತ್ತರ? ಈ ಪ್ರಶ್ನೆ ನ್ಯಾಯವಾದದ್ದೇ. ವೋಚರಿನ ಮಟ್ಟಿಗೆ, ಗೊತ್ತುಪಡಿಸಿದ ಸದಸ್ಯರು ಸಹಿ ಹಾಕಿದ ಖರ್ಚಿನ ಚೀಟಿಯನ್ನು ಒಂದು ಮಿತಿಯವರೆಗೆ ಒಪ್ಪಬಹುದು ಎಂದು ಆಡಿಟರು ಹೇಳಿದ್ದಾರೆ. ಆರನೆಯ ಮಗುವಿಗೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕಾಗಿಯೇ 15 ಶೇಕಡಾವನ್ನು ಈಗಿರುವ ನಿಧಿಯಿಂದ ಕಡಿಯದೆ ಹೊಸದಾಗಿ ಕೂಡಿಸೋಣ ಎಂದು ನಿಮ್ಮ ಮುಂದೆ ಬಂದಿದ್ದೇವೆ.

ಈ ತಿಂಗಳ ದೇಣಿಗೆ ಚೀಟಿಯಲ್ಲಿ 'ವೈದ್ಯಕೀಯ ನೆರವು' ಎಂಬುದರ ಕೆಳಗೆ 'ಅನುಸರಣೆ' ಎಂಬ ಇನ್ನೊಂದು ಗೆರೆ ಸೇರಿಸಲಾಗಿದೆ. ಇಚ್ಛೆಯಿದ್ದವರು ಅದರ ಎದುರು ಮೊತ್ತ ಬರೆಯಿರಿ. ಎರಡಕ್ಕೂ ಎಂದಿನಂತೆ 80ಜಿ ರಸೀದಿ ಸಿಗುತ್ತದೆ. ಹಣಕ್ಕಿಂತ ಸಮಯ ಕೊಡಬಲ್ಲವರು, ಮುಖ್ಯವಾಗಿ ನಿವೃತ್ತರು ಮತ್ತು ಮಹಿಳಾ ವಿಭಾಗದವರು, ಚೀಟಿಯ ಹಿಂದೆ ಹೆಸರು, ಮೊಬೈಲ್ ನಂಬರ್, ಯಾವ ಬಡಾವಣೆ ಎಂದು ಬರೆದು ಕಚೇರಿಗೆ ಕಳಿಸಿ. ಸದ್ಯ ಐದು ವರ್ಷದೊಳಗಿನ ಹನ್ನೊಂದು ಮಕ್ಕಳು ನಮ್ಮ ಪಟ್ಟಿಯಲ್ಲಿದ್ದಾರೆ. ನಾಲ್ವರಿಗೆ ಸದಸ್ಯರು ಸಿಕ್ಕಿದ್ದಾರೆ, ಏಳು ಮಕ್ಕಳು ಉಳಿದಿದ್ದಾರೆ. ಕುಂದಾಪುರಕ್ಕೆ ಭಾನುವಾರಗಳಂದು ಫೋನು ಮಾಡುವುದನ್ನು ನಾನು ವಹಿಸಿಕೊಂಡಿದ್ದೇನೆ. ಮಗು ಈಗ ಗೋಡೆ ಹಿಡಿದು ನಡೆಯುತ್ತದೆಯಂತೆ, ನನ್ನ ದನಿ ಕೇಳಿದರೆ ಫೋನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆಯಂತೆ.